ಟರ್ಕಿ ಕೋಳಿ ಶೆಡ್‌ನಿಂದ ಹೊರಟ ಪುಟ್ಟ ಗಾಡಿ

ಗೇಟಿನಿಂದ ಮನೆಬಾಗಿಲವರೆಗೆ ದಾರಿ ಮಾಡ್ಬೇಕು, ಹಿತ್ತಲು ಸಮ ಮಾಡ್ಬೇಕು ಅಂದ ಕೂಡ್ಲೇ ನಮ್ಮ ಕಡೆ ಬರೋ ಮಾತು ಒಂದೇ: "ಜೆಸಿಬಿ ಕರೆಸಿಬಿಡಿ." ಟೈರ್ ಇರೋ ಹಳದಿ ಗಾಡಿ ಎಲ್ಲ ಜೆಸಿಬಿ, ಚೈನ್ ಮೇಲೆ ಓಡೋದೆಲ್ಲ ಹಿಟಾಚಿ. ಎರಡೂ ಕಂಪನಿ ಹೆಸರುಗಳು ಅನ್ನೋದೇ ನಮಗೆ ಮರೆತುಹೋಗಿದೆ. ಆದ್ರೆ ಫ್ರೆಂಡ್ಸ್, ಈ ಗಾಡಿಗಳೆಲ್ಲ ಒಂದೇ ಕೆಲಸಕ್ಕೆ ಹುಟ್ಟಿದವಲ್ಲ. ಯಾವುದು ಎಲ್ಲಿ, ಯಾಕೆ ಹುಟ್ಟಿತು ಅಂತ ಗೊತ್ತಾದ್ರೆ, ಯಾವುದನ್ನ ಕರೆಸಬೇಕು ಅನ್ನೋದು ಅರ್ಧ ಗೊತ್ತಾದ ಹಾಗೆ.

1️⃣ ಕಷ್ಟ ಹೇಳಿಕೊಂಡ ರೈತ

1956. ಅಮೆರಿಕದ ಮಿನ್ನೆಸೋಟ ರಾಜ್ಯದ ರಾತ್ಸೆ ಅನ್ನೋ ಸಣ್ಣ ಊರು. ಸಿರಿಲ್ ಕೆಲ್ಲರ್, ಲೂಯಿಸ್ ಕೆಲ್ಲರ್ ಅನ್ನೋ ಅಣ್ಣತಮ್ಮಂದಿರು ಅಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿದ್ರು. ಪಕ್ಕದ ಎಡ್ಡಿ ವೆಲೊ ಟರ್ಕಿ ಕೋಳಿ ಸಾಕ್ತಿದ್ದ ರೈತ. ಅವನ ಶೆಡ್‌ನಲ್ಲಿ ಹಿಕ್ಕೆ ಎತ್ತೋದೇ ದೊಡ್ಡ ತಲೆನೋವು. ಒಳಗೆಲ್ಲ ಕಂಬಗಳು, ಟ್ರ್ಯಾಕ್ಟರ್ ತಿರುಗಲ್ಲ. ಮೇಲಿನ ಅಂತಸ್ತಿಗಂತೂ ಟ್ರ್ಯಾಕ್ಟರಿನ ಭಾರ ಹಾಕೋ ಹಾಗೇ ಇಲ್ಲ. ಹಾಗಾಗಿ ಕೈಯಲ್ಲೇ ಬಾಚಿ ಎತ್ತಬೇಕಿತ್ತು.

ಗಮನಿಸಿ, ಅವನಿಗೆ ಬೇಕಿದ್ದಿದ್ದು ದೊಡ್ಡ ಗಾಡಿ ಅಲ್ಲ. ಕಂಬದ ಸುತ್ತ ತಿರುಗೋವಷ್ಟು ಚಿಕ್ಕದು, ಅಂತಸ್ತು ತಡೆಯೋವಷ್ಟು ಹಗುರ.

1957ರ ಫೆಬ್ರವರಿ 4ಕ್ಕೆ ಗಾಡಿ ಅವನ ಕೈ ಸೇರಿತು. ಮೂರೇ ಚಕ್ರ: ಮುಂದೆ ಎರಡು, ಹಿಂದೆ ಎತ್ತ ಬೇಕಾದ್ರೂ ಹೊರಳೋ ಒಂದು. ಆಮೇಲೆ ಅಣ್ಣತಮ್ಮಂದಿರು ಎರಡೂ ಬದಿಗೆ ಬೇರೆ ಬೇರೆ ಕ್ಲಚ್ ಕೊಟ್ರು. ಒಂದು ಬದಿ ಮುಂದೆ, ಇನ್ನೊಂದು ಬದಿ ಹಿಂದೆ ಓಡಿಸಿದ್ರೆ ಗಾಡಿ ನಿಂತಲ್ಲೇ ಗಿರ್ರನೆ ತಿರುಗುತ್ತೆ.

2️⃣ ಜಾತ್ರೆಯಿಂದ ಕಾರ್ಖಾನೆಗೆ

1958ರಲ್ಲಿ ಮಿನ್ನೆಸೋಟ ರಾಜ್ಯದ ಮೇಳದಲ್ಲಿ, ಮೆಲ್ರೋ ಕಂಪನಿಯ ಮಳಿಗೆಯಲ್ಲಿ ಈ ಗಾಡಿ ನಿಲ್ತು. ಪಕ್ಕದ ನಾರ್ತ್ ಡಕೋಟ ರಾಜ್ಯದ ಗ್ವಿನ್ನರ್ ಊರಿನ ಆ ಕಂಪನಿ ಗಾಡಿಯನ್ನೂ ತಗೊಂಡಿತು, ಅಣ್ಣತಮ್ಮಂದಿರನ್ನೂ ಕೆಲಸಕ್ಕೆ ಕರ್ಕೊಂಡಿತು. 1960ರಲ್ಲಿ ಎಂ400 ಮಾದರಿಗೆ ನಾಲ್ಕು ಚಕ್ರ ಬಂತು. 1962ರಲ್ಲಿ ಬಾಬ್‌ಕ್ಯಾಟ್ ಅನ್ನೋ ಹೆಸರು ಬಂತು. ಅದು ಅಲ್ಲಿನ ಒಂದು ಕಾಡುಬೆಕ್ಕಿನ ಹೆಸರು: ಗಾತ್ರ ಚಿಕ್ಕದು, ಚುರುಕು ಜಾಸ್ತಿ.

ನಾಲ್ಕು ಚಕ್ರ ಬಂದ ಮೇಲೆ ಇನ್ನೊಂದು ಗುಣವೂ ಸೇರಿಕೊಳ್ತು. ಈ ಚಕ್ರಗಳು ಕಾರಿನ ಹಾಗೆ ವಾಲಲ್ಲ, ತಿರುಗುವಾಗ ನೆಲದ ಮೇಲೆ ಅಡ್ಡಡ್ಡ ಜಾರುತ್ತವೆ. ಸ್ಕಿಡ್ ಸ್ಟಿಯರ್ ಅನ್ನೋ ಹೆಸರು ಬಂದಿದ್ದೇ ಅದಕ್ಕೆ. ಕಾಂಕ್ರೀಟ್ ನೆಲದಲ್ಲಿ ಸವೆಯೋದು ಟೈರ್. ಹುಲ್ಲು, ಹಸಿ ಮಣ್ಣು, ಹೊಸದಾಗಿ ಹಾಸಿದ ಜಲ್ಲಿ ಆದ್ರೆ ನೆಲವೇ ಕಿತ್ತು ಬರುತ್ತೆ.

3️⃣ ನಮ್ಮ ಹಳದಿ ಗಾಡಿಯ ಕಥೆ ಬೇರೆ

ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಹೆಸರಿನ ಮೊದಲಕ್ಷರಗಳೇ ಜೆಸಿಬಿ. 1945ರಲ್ಲಿ ಇಂಗ್ಲೆಂಡಿನ ಯುಟಾಕ್ಸಿಟರ್‌ನ ಒಂದು ಗ್ಯಾರೇಜಿನಲ್ಲಿ ಟ್ರೇಲರ್ ಮಾಡಿ ಶುರುಮಾಡಿದವರು. 1953ರಲ್ಲಿ ಅವರು ಟ್ರ್ಯಾಕ್ಟರಿನ ಮುಂದೆ ಮಣ್ಣು ತುಂಬೋ ಬಕೆಟ್, ಹಿಂದೆ ಗುಂಡಿ ತೋಡೋ ಕೈ ಎರಡನ್ನೂ ಕೂಡಿಸಿದ್ರು. ಒಂದೇ ಗಾಡಿ ಅಗೆಯುತ್ತೆ, ತುಂಬುತ್ತೆ, ರಸ್ತೆಯಲ್ಲಿ ತಾನೇ ಓಡಿಕೊಂಡು ಮುಂದಿನ ಕೆಲಸಕ್ಕೂ ಹೋಗುತ್ತೆ. ಭಾರತದಲ್ಲಿ ಇದರ ಕಂಪನಿ ಶುರುವಾಗಿದ್ದು 1979ರಲ್ಲಿ, ಹರಿಯಾಣದ ಬಲ್ಲಭಗಢದಲ್ಲಿ. ಊರೂರಿಗೆ ಲಾರಿ ಮೇಲೆ ಹೇರದೆ ಹೋಗೋ ಗಾಡಿ ನಮ್ಮಲ್ಲಿ ಮನೆಮಾತಾಗಿದ್ದು ಆಶ್ಚರ್ಯ ಏನಲ್ಲ. ಆದ್ರೆ ಇದು ಏಳು ಟನ್‌ಗೂ ಹೆಚ್ಚು ತೂಗೋ ಗಾಡಿ. ಸಂದಿಗೊಂದಿಗೆ ಹುಟ್ಟಿದ್ದಲ್ಲ.

ಮೂರನೆಯದು ಪುಟ್ಟ ಹಿಟಾಚಿ ಥರದ್ದು, ಮಿನಿ ಎಕ್ಸ್‌ಕವೇಟರ್. ಜಪಾನಿನ ತಾಕೆಉಚಿ ಕಂಪನಿ ತನ್ನ ಮೊದಲನೆಯದನ್ನ 1971ರಲ್ಲಿ ತಂದಿತು. ಮನೆಯ ಪಾಯ, ಪೈಪ್ ಚರಂಡಿ ಅಂತ ಗುದ್ದಲಿ ಹಿಡಿದು ಮಾಡ್ತಿದ್ದ ಕೆಲಸಕ್ಕೆ ಹೇಳಿ ಮಾಡಿಸಿದ ಗಾಡಿ. ಚೈನ್ ಮೇಲೆ ಭಾರ ಹಂಚಿಹೋಗುತ್ತೆ, ಕೂತಲ್ಲೇ ಸುತ್ತ ತಿರುಗಿ ಅಗೆಯುತ್ತೆ. ಆದ್ರೆ ಅಗೆದ ಮಣ್ಣನ್ನ ದೂರ ಸಾಗಿಸೋದು ಇದರ ಕೈಲಾಗಲ್ಲ.

4️⃣ ಹಾಗಾದ್ರೆ ಯಾವುದು ಒಳ್ಳೇದು?

ಈ ಪ್ರಶ್ನೆಯೇ ತಪ್ಪು. ಎಡ್ಡಿ ವೆಲೊ ಥರ ಕೇಳಿ: ನನ್ನ ಜಾಗದ ಕಷ್ಟ ಏನು?

▪️ ಗೇಟಿನ ಅಗಲ ಎಷ್ಟು? ಟೇಪ್ ಹಿಡಿದು ಅಳೆಯಿರಿ.
▪️ ಆಳಕ್ಕೆ ಅಗೆಯಬೇಕಾ? ಇಕ್ಕಟ್ಟಿನಲ್ಲಿ ಮಿನಿ ಎಕ್ಸ್‌ಕವೇಟರ್, ಬಯಲಿನಲ್ಲಿ ಜೆಸಿಬಿ.
▪️ ಮಣ್ಣು, ಜಲ್ಲಿ ಹೊತ್ತು ಹರಡಬೇಕಾ? ಗಟ್ಟಿ ನೆಲ ಆದ್ರೆ ಸ್ಕಿಡ್ ಸ್ಟಿಯರ್. ಬಕೆಟ್ ಬಿಚ್ಚಿ ಗುಂಡಿ ಕೊರೆಯೋ ಆಗರ್, ಕಲ್ಲು ಒಡೆಯೋ ಬ್ರೇಕರ್ ಕೂಡ ಹಾಕಬಹುದು.
▪️ ನೆಲ ಹಸಿಯಾಗಿದ್ಯಾ? ಚೈನ್ ಗಾಡಿ ನೋಡಿ, ಇಲ್ಲ ಒಣಗೋವರೆಗೆ ಕಾಯಿರಿ.

ದಾರಿ ಮಾಡಿಸೋರು ಇನ್ನೊಂದು ಮರೀಬೇಡಿ. ಮಣ್ಣನ್ನ ಗಟ್ಟಿಯಾಗಿ ಕೂರಿಸೋಕೆ ಈ ಮೂರೂ ಹುಟ್ಟಿಲ್ಲ, ಅದು ರೋಲರ್ ಕೆಲಸ. ನೀರು ಪಕ್ಕಕ್ಕೆ ಹರಿಯೋಕೆ ಮೀಟರಿಗೆ 2 ಸೆಂಟಿಮೀಟರ್ ಇಳಿಜಾರು ಕೊಡಿಸಿ. ಇವೆರಡೂ ಇಲ್ಲದಿದ್ರೆ ಎಂಥಾ ಗಾಡಿ ತಂದ್ರೂ ಮೊದಲ ಮಳೆಗೇ ದಾರಿ ಗುಂಡಿ ಬೀಳುತ್ತೆ.

5️⃣ ಗಂಟೆ ಲೆಕ್ಕಕ್ಕಿಂತ ದೊಡ್ಡ ಲೆಕ್ಕ

ಬಾಡಿಗೆ ಗಂಟೆ ಲೆಕ್ಕ, ಹಾಗಾಗಿ ಎಲ್ಲರಿಗೂ ಅವಸರ. ಆ ಅವಸರದಲ್ಲಿ ಮೊದಲು ಹೋಗೋದು ಮೇಲ್ಮಣ್ಣು. ಒಂದು ಇಂಚು ಮೇಲ್ಮಣ್ಣು ಆಗೋಕೆ ನೂರಾರು ವರ್ಷ ಬೇಕು, ಬಕೆಟ್ಟಿಗೆ ಅದನ್ನ ಕೆರೆಯೋಕೆ ಒಂದು ನಿಮಿಷ ಸಾಕು. ಕೆಲಸ ಶುರುವಾಗೋ ಮೊದಲೇ ಡ್ರೈವರಣ್ಣನಿಗೆ ಹೇಳಿ: "ಅಣ್ಣಾ, ಮೇಲಿನ ಕಪ್ಪು ಮಣ್ಣು ಬೇರೆ ಗುಡ್ಡೆ ಹಾಕಿ." ಆಮೇಲೆ ಅದನ್ನೇ ಗಿಡದ ಪಾತಿಗೆ ಹರಡಬಹುದು. ಮತ್ತೆ, ರೀಲ್ಸ್ ಮಾಡೋ ಆಸೇಲಿ ಎತ್ತಿದ ಬಕೆಟ್ ಕೆಳಗೆ ಮಾತ್ರ ಯಾರೂ ನಿಲ್ಲಬೇಡಿ.

ಕೆಲ್ಲರ್ ಅಣ್ಣತಮ್ಮಂದಿರ ಹೆಸರು 2023ರಲ್ಲಿ ಅಮೆರಿಕದ ಸಂಶೋಧಕರ ಗೌರವ ಪಟ್ಟಿಗೆ ಸೇರಿತು. ಗೌರವ ಅವರಿಗೆ ಸಲ್ಲಬೇಕಾದ್ದೇ. ಆದ್ರೆ ತನ್ನ ಶೆಡ್‌ಗೆ ಏನು ಬೇಕು ಅಂತ ಸರಿಯಾಗಿ ತಿಳಿದಿದ್ದ ಒಬ್ಬ ಗಿರಾಕಿ ಇಲ್ಲದಿದ್ರೆ ಈ ಗಾಡಿ ಹುಟ್ತಿತ್ತಾ? ನಿಮ್ಮ ಮನೆ ದಾರಿಗೆ ಆ ಗಿರಾಕಿ ನೀವೇ.

#ಯಂತ್ರಗಳಕಥೆ #ಮಣ್ಣುಕೆಲಸ #ಕನ್ನಡದಲ್ಲಿಇತಿಹಾಸ