ಆರಿಜನನ ಆತ್ಮಮೀಮಾಂಸೆ

ಆದಿಕಾಲದ ಕ್ರೈಸ್ತರೂ ಪುನರ್ಜನ್ಮವನ್ನು ಒಪ್ಪಿದ್ದರು, 553ರ ಧರ್ಮಸಭೆಯು ಅದನ್ನು ಅಳಿಸಿಹಾಕಿತು ಎಂಬ ಮಾತು ಆಗಾಗ ಕೇಳಿಬರುತ್ತದೆ. ಸಾಕ್ಷಿಯಾಗಿ ಆರಿಜನನ ಹೆಸರನ್ನು ಹೇಳುವುದುಂಟು. ನಮ್ಮ ಸಿದ್ಧಾಂತಕ್ಕೆ ಅನುಕೂಲವೆಂದು ತೋರುವ ಮಾತನ್ನೇ ಮೊದಲು ಪರೀಕ್ಷಿಸುವುದು ಸತ್ಯಾಣುವ್ರತಿಗಳಿಗೆ ಉಚಿತ.

ಆರಿಜನನು ಸುಮಾರು 185ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಜನಿಸಿದನು. ತಂದೆ ಲಿಯೋನಿಡಿಸನು ಧರ್ಮಕ್ಕಾಗಿ ಪ್ರಾಣವಿತ್ತವನು. ಉಪವಾಸ, ಬರಿಗಾಲ ನಡೆ, ನೆಲದ ಮೇಲೆ ಶಯನ ಇವು ಮಗನ ಜೀವನಕ್ರಮವಾಗಿದ್ದವೆಂದು ಇತಿಹಾಸಕಾರ ಯುಸೇಬಿಯಸನು ಬರೆದಿದ್ದಾನೆ. ನಮ್ಮ ತ್ಯಾಗಿಗಳ ನೆನಪಾಗದಿರದು.

ಅವನನ್ನು ಕಾಡಿದ ಪ್ರಶ್ನೆ ನಮಗೂ ಪರಿಚಿತವೇ. ಒಬ್ಬನು ಸುಖದಲ್ಲಿಯೂ ಮತ್ತೊಬ್ಬನು ಹುಟ್ಟುಕುರುಡನಾಗಿಯೂ ಏಕೆ ಜನಿಸುತ್ತಾನೆ? ಆತ್ಮಗಳು ಸ್ವಭಾವತಃ ಉತ್ತಮ, ಅಧಮ ಎಂದು ಭಿನ್ನವಾಗಿವೆಯೆಂದು ಅಂದಿನ ಕೆಲವು ಪಂಥಗಳು ಹೇಳುತ್ತಿದ್ದವು. ಆರಿಜನನು ಇದನ್ನು ಒಪ್ಪಲಿಲ್ಲ. ದೇವರು ಮೊದಲು ಸೃಷ್ಟಿಸಿದ ಚೇತನಗಳೆಲ್ಲವೂ ಸಮಾನ. ಅವು ಸ್ವೇಚ್ಛೆಯಿಂದ ದೇವರಿಂದ ವಿಮುಖವಾದವು. ಎಷ್ಟು ದೂರ ಸರಿದವೋ ಅದಕ್ಕೆ ತಕ್ಕಂತೆ ದೇವದೂತ, ಮನುಷ್ಯ, ಪಿಶಾಚಿಗಳೆಂಬ ಸ್ಥಿತಿಗಳನ್ನು ಪಡೆದವು. ಗ್ರೀಕಿನಲ್ಲಿ ಆತ್ಮವಾಚಕ ಪದವನ್ನು ಅವನು 'ತಣ್ಣಗಾಗು' ಎಂಬ ಧಾತುವಿನೊಡನೆ ಜೋಡಿಸಿದನು: ಭಕ್ತಿಯ ಕಾವು ಆರಿದ ಚೇತನವೇ ಆತ್ಮ.

ಜನ್ಮಭೇದಕ್ಕೆ ಜೀವನ ಸ್ವಂತ ನಡತೆಯೇ ಕಾರಣವೆಂಬಷ್ಟರಲ್ಲಿ ಅವನು ನಮಗೆ ಬಹಳ ಸಮೀಪ. ಆದರೆ ಅಂತರವೂ ಸಣ್ಣದಲ್ಲ. ನಮ್ಮ ಜೀವದ್ರವ್ಯ ಅನಾದಿನಿಧನ, ಅವನ ಆತ್ಮವಾದರೋ ಸೃಷ್ಟ. ನಮ್ಮಲ್ಲಿ ಕರ್ಮಪುದ್ಗಲವು ತಾನಾಗಿ ಬಂಧಿಸುತ್ತದೆ, ಅಲ್ಲಿ ದೇಹವನ್ನು ನಿಯಮಿಸುವವನು ಈಶ್ವರ. ಈ ಲೋಕದ ಬಳಿಕ ಬೇರೆ ಲೋಕಗಳು ಬಂದಾವೆಂಬ ಊಹೆ ಅವನಲ್ಲಿದೆ, ನಿಜ. ಆದರೆ ಮತ್ತಾಯನ ಸುವಾರ್ತೆಯ ವ್ಯಾಖ್ಯಾನದಲ್ಲಿ, ಎಲೀಯನ ಆತ್ಮವೇ ಸ್ನಾನಿಕ ಯೋಹಾನನಾಗಿ ಹುಟ್ಟಿತೆಂಬ ವಾದವನ್ನು ಎತ್ತಿಕೊಂಡು, ದೇಹದಿಂದ ದೇಹಕ್ಕೆ ಆತ್ಮದ ಸಂಚಾರವು ಸಭೆಯ ಬೋಧೆಗೆ ಹೊರತಾದುದೆಂದು ಸ್ಪಷ್ಟವಾಗಿ ನಿರಾಕರಿಸಿದ್ದಾನೆ.

250ರ ಸುಮಾರಿನಲ್ಲಿ ಡೀಸಿಯಸ್ ಚಕ್ರವರ್ತಿಯ ಕಾಲದಲ್ಲಿ ಸೆರೆಯಲ್ಲಿ ಚಿತ್ರಹಿಂಸೆಗೊಳಗಾದ ಆರಿಜನನು ಕೆಲವು ವರ್ಷಗಳಲ್ಲಿ ತೀರಿಕೊಂಡನು. ಸುಮಾರು ಮುನ್ನೂರು ವರ್ಷಗಳ ನಂತರ ಜಸ್ಟಿನಿಯನ್ ಚಕ್ರವರ್ತಿಯ 543ರ ಶಾಸನ ಮತ್ತು 553ರ ಖಂಡನೆಗಳು ಗುರಿಯಿಟ್ಟದ್ದು ಮುಖ್ಯವಾಗಿ ದೇಹಕ್ಕಿಂತ ಮೊದಲೇ ಆತ್ಮವಿತ್ತೆಂಬ ಮತದ ಮೇಲೆ. ಪೂರ್ವಾಸ್ತಿತ್ವವೇ ಪುನರ್ಜನ್ಮವಲ್ಲ. ಇಷ್ಟಾಗಿಯೂ ಅವನ ಪ್ರಧಾನ ಗ್ರಂಥದ ಗ್ರೀಕ್ ಮೂಲ ಬಹುಪಾಲು ನಷ್ಟವಾಗಿದೆ. ನಮಗೆ ಸಮಗ್ರವಾಗಿ ಉಳಿದಿರುವುದು ರುಫಿನಸನ 398ರ ಲ್ಯಾಟಿನ್ ಅನುವಾದ. ಆಕ್ಷೇಪಾರ್ಹವೆನಿಸಿದ ಸ್ಥಳಗಳನ್ನು ತಿದ್ದಿರುವುದಾಗಿ ಅವನೇ ಪೀಠಿಕೆಯಲ್ಲಿ ತಿಳಿಸಿದ್ದಾನೆ.