ಕುಂಪಣಿಯ ಅಧಿಕಾರಿವರ್ಗ: ನಿಷ್ಠೆ ಮತ್ತು ನಾಯಕತ್ವದ ಶಿಕ್ಷಣ

ವ್ಯಾಪಾರಸಂಸ್ಥೆಯೊಂದು ತನ್ನ ಅಧಿಕಾರಿಗಳ ನಿಷ್ಠೆಯನ್ನು ಹೇಗೆ ಸಂಪಾದಿಸಬೇಕು, ಅವರಲ್ಲಿ ಮುಂದಾಳುಗಳನ್ನು ಹೇಗೆ ಬೆಳೆಸಬೇಕು ಎಂಬ ಪ್ರಶ್ನೆ ಇಂದಿನ ಉದ್ಯಮಗಳಿಗೆ ಮಾತ್ರ ಸೇರಿದುದಲ್ಲ. 1600ರಲ್ಲಿ ಸ್ಥಾಪಿತವಾದ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯು, ಎಂದರೆ ನಮ್ಮ ಜನರ ಬಾಯಲ್ಲಿ ಕುಂಪಣಿಯು, ಎರಡೂವರೆ ಶತಮಾನಗಳ ಕಾಲ ಈ ಪ್ರಶ್ನೆಯೊಡನೆ ಹೆಣಗಿತು. ಅದು ಕಂಡುಕೊಂಡ ಉತ್ತರಗಳನ್ನೂ ಅವುಗಳ ಮಿತಿಯನ್ನೂ ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಕುಂಪಣಿಯ ನೌಕರನು ರೈಟರ್, ಎಂದರೆ ಗುಮಾಸ್ತೆಯಾಗಿ ಸೇರಿ, ಫ್ಯಾಕ್ಟರ್, ಕಿರಿಯ ವರ್ತಕ, ಹಿರಿಯ ವರ್ತಕ ಎಂಬ ಮೆಟ್ಟಿಲುಗಳನ್ನು ಏರುತ್ತಿದ್ದನು. 1744ರಲ್ಲಿ ಮದರಾಸಿಗೆ ಬಂದ ರಾಬರ್ಟ್ ಕ್ಲೈವನ ಕಾಲದಲ್ಲಿ ರೈಟರನ ಸಂಬಳ ವರ್ಷಕ್ಕೆ 5 ಪೌಂಡು ಮಾತ್ರ. ಕೊರತೆಯನ್ನು ಅವನು ಸ್ವಂತ ವ್ಯಾಪಾರದಿಂದ ತುಂಬಿಕೊಳ್ಳಬೇಕಾಗಿತ್ತು. 1757ರ ಪ್ಲಾಸಿ ಕದನದ ಅನಂತರ ರಾಜ್ಯಾಧಿಕಾರವೂ ಕೈಸೇರಲು, ಈ ವ್ಯಾಪಾರವೂ ಕಾಣಿಕೆಗಳೂ ಲೂಟಿಯ ರೂಪವನ್ನು ತಾಳಿದುವು. ನೌಕರರು ಶ್ರೀಮಂತರಾದರು, ಕುಂಪಣಿಯಾದರೋ 1772ರಲ್ಲಿ ಬ್ರಿಟಿಷ್ ಸರ್ಕಾರದ ಮುಂದೆ ಸಾಲಕ್ಕಾಗಿ ಕೈಚಾಚಬೇಕಾಯಿತು. 1765ರಲ್ಲಿ ಕ್ಲೈವನು ಕಾಣಿಕೆ ಸ್ವೀಕರಿಸುವುದಿಲ್ಲವೆಂಬ ಕರಾರುಪತ್ರಗಳಿಗೆ ನೌಕರರಿಂದ ರುಜು ಹಾಕಿಸಿದನು. ಹಿರಿಯ ನೌಕರರಿಗೆ ಉಪ್ಪಿನ ಏಕಸ್ವಾಮ್ಯದ ಲಾಭವನ್ನು ಹಂಚುವ ಏರ್ಪಾಡನ್ನೂ ಮಾಡಿದನು. ಲಂಡನ್ನಿನ ನಿರ್ದೇಶಕರು ಈ ಏರ್ಪಾಡನ್ನು ಒಪ್ಪಲಿಲ್ಲ. ಕರಾರು ಉಳಿಯಿತು, ಅದನ್ನು ಪಾಲಿಸಲು ಬೇಕಾದ ಜೀವನೋಪಾಯ ಉಳಿಯಲಿಲ್ಲ.

1786ರಲ್ಲಿ ಬಂದ ಕಾರ್ನವಾಲಿಸನು ಈ ಗಂಟನ್ನು ಬಿಡಿಸಿದನು. ಕಲೆಕ್ಟರನಿಗೆ ತಿಂಗಳಿಗೆ 1,500 ರೂಪಾಯಿ ಸಂಬಳವನ್ನೂ ವಸೂಲಾದ ಕಂದಾಯದಲ್ಲಿ ಒಂದು ಪಾಲನ್ನೂ ಗೊತ್ತುಮಾಡಿ, ಸ್ವಂತ ವ್ಯಾಪಾರವನ್ನು ನಿಷೇಧಿಸಿದನು. 1793ರ ಸನ್ನದು ಕಾಯಿದೆಯು ದೊಡ್ಡ ಹುದ್ದೆಗಳನ್ನು ಕರಾರುಬದ್ಧ ನೌಕರರಿಗೇ ಮೀಸಲಿಟ್ಟು, ಸೇವೆಯ ವರ್ಷಗಳಿಗನುಸಾರವಾಗಿ ಬಡ್ತಿಯನ್ನು ಕ್ರಮಗೊಳಿಸಿತು. ಪ್ರಾಮಾಣಿಕನಾಗಿದ್ದೂ ಬದುಕಬಹುದೆಂಬ ಭರವಸೆ ನೌಕರನಿಗೆ ದೊರೆತುದು ಆಗಲೇ.

ಆದರೆ ಸಂಬಳದಿಂದ ಆಡಳಿತದ ಯೋಗ್ಯತೆ ಹುಟ್ಟುವುದಿಲ್ಲ. ಇದನ್ನರಿತ ವೆಲ್ಲೆಸ್ಲಿಯು 1800ರಲ್ಲಿ ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜನ್ನು ತೆರೆದನು. ಅದರ ನಿಬಂಧನೆ ಜುಲೈ ತಿಂಗಳಿನದಾದರೂ, ಶ್ರೀರಂಗಪಟ್ಟಣದ ಪತನಕ್ಕೆ ಒಂದು ವರ್ಷ ತುಂಬಿದ ಮೇ 4ನ್ನೇ ಸ್ಥಾಪನೆಯ ದಿನವೆಂದು ನಮೂದಿಸಲಾಯಿತು. ಅಲ್ಲಿ ದೇಶಭಾಷೆಗಳನ್ನು ಬೋಧಿಸುತ್ತಿದ್ದ ವಿಲಿಯಂ ಕೇರಿಯು 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಪ್ರಕಟಿಸಿದನು. ಮದರಾಸಿನಲ್ಲಿಯೂ 1812ರಲ್ಲಿ ಇಂಥ ಕಾಲೇಜು ಹುಟ್ಟಿತು.

ನಿರ್ದೇಶಕರು ವೆಲ್ಲೆಸ್ಲಿಯ ಕಾಲೇಜನ್ನು ಮುಚ್ಚುವಂತೆ 1802ರಲ್ಲಿ ಆಜ್ಞಾಪಿಸಿದರು. ಕೊನೆಗೆ ಅದು ಭಾಷಾಶಾಲೆಯಾಗಿ ಮಾತ್ರ ಉಳಿಯಿತು. ಖರ್ಚು ಅವರು ಕೊಟ್ಟ ಕಾರಣ. ಆದರೆ ತಾವು ನೇಮಿಸಿದ ತರುಣರು ಗವರ್ನರ್ ಜನರಲನಿಗೇ ಋಣಿಗಳಾದಾರೆಂಬ ಅಳುಕೂ ಇದರ ಹಿಂದೆ ಇತ್ತೆಂದು ನಮಗೆ ತೋರುತ್ತದೆ. 1806ರಲ್ಲಿ ಇಂಗ್ಲೆಂಡಿನಲ್ಲಿ ಅವರೇ ಕಾಲೇಜನ್ನು ತೆರೆದರು; ಹೇಲಿಬರಿ ಎಂದು ಪ್ರಸಿದ್ಧವಾದ ಅಲ್ಲಿ ಅರ್ಥಶಾಸ್ತ್ರಜ್ಞ ಮಾಲ್ಥಸನು 1834ರವರೆಗೆ ಬೋಧಿಸಿದನು. ಒಟ್ಟಿಗೆ ಓದಿದವರಲ್ಲಿ ಬಲವಾದ ಸೋದರಭಾವ ಬೆಳೆಯಿತು. ಆದರೆ ಪ್ರವೇಶ ನಿರ್ದೇಶಕರ ಶಿಫಾರಸಿನಿಂದಲೇ ದೊರೆಯುತ್ತಿದ್ದುದರಿಂದ, ಅದು ಕೆಲವೇ ಮನೆತನಗಳ ಸೋದರಭಾವವಾಯಿತು.

ಈ ವ್ಯವಸ್ಥೆಯ ದೊಡ್ಡ ಲೋಪವು ಇದಕ್ಕಿಂತ ಆಳವಾದುದು. ಅಲ್ಪ ವೇತನವು ಇಂಗ್ಲಿಷರನ್ನು ಕೆಡಿಸಿತೆಂದು ಬಗೆದ ಕಾರ್ನವಾಲಿಸನೇ ಭಾರತೀಯರನ್ನು ಅಲ್ಪ ವೇತನದ ಕೆಳ ಹುದ್ದೆಗಳಲ್ಲಿರಿಸಿ, ಅವರಲ್ಲಿ ಪ್ರಾಮಾಣಿಕತೆಯಿಲ್ಲವೆಂದು ದೂರಿದನು. ಕಲೆಕ್ಟರನಿಗೆ ಭಾಷೆ ಕಲಿಸಿದ ಮುನ್ಷಿ, ಕಂದಾಯದ ಒಳಮರ್ಮ ತಿಳಿಸಿದ ಶಿರಸ್ತೆದಾರ, ಇವರಿಗೆ ಏರಲು ಮೇಲಿನ ಮೆಟ್ಟಿಲೇ ಇರಲಿಲ್ಲ. 1799-1800ರಲ್ಲಿ ಕನ್ನಡ ಜಿಲ್ಲೆಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಇದನ್ನು ಸ್ಪಷ್ಟವಾಗಿ ಕಂಡನು. ಉನ್ನತ ಪದವಿಯ ಆಸೆಯೇ ಇಲ್ಲದಂತೆ ಮಾಡಿದರೆ ಇಡೀ ಜನಾಂಗದ ಶೀಲವೇ ಕುಗ್ಗುವುದೆಂದು, ಮದರಾಸಿನ ಗವರ್ನರನಾಗಿ 1824ರ ತನ್ನ ಟಿಪ್ಪಣಿಯಲ್ಲಿ ವಾದಿಸಿದನು. 1833ರ ಕಾಯಿದೆ ಜಾತಿ, ಮತ, ವರ್ಣಗಳ ಅಡ್ಡಿಯನ್ನು ಮಾತಿನಲ್ಲಿ ತೆಗೆದುಹಾಕಿತು. ನೇಮಕದ ಅಧಿಕಾರ ಮಾತ್ರ ನಿರ್ದೇಶಕರಲ್ಲಿಯೇ ಉಳಿಯಿತು. ಸ್ಪರ್ಧಾಪರೀಕ್ಷೆಯು 1855ರಲ್ಲಿ ಆರಂಭವಾಗಿ, 1863ರಲ್ಲಿ ಸತ್ಯೇಂದ್ರನಾಥ ಟಾಗೋರರು ಅದರಲ್ಲಿ ಉತ್ತೀರ್ಣರಾದ ಮೊದಲ ಭಾರತೀಯರೆನಿಸಿದಾಗ, ಕುಂಪಣಿಯ ಆಳ್ವಿಕೆ ಮುಗಿದು ಐದು ವರ್ಷಗಳಾಗಿದ್ದುವು.

ಕರಾರು, ಸಂಬಳ, ಶಿಕ್ಷಣ, ಈ ಮೂರೂ ನಿಷ್ಠೆಗೆ ಆಧಾರಗಳೆಂಬುದನ್ನು ಕುಂಪಣಿಯು ಬಹುಕಾಲ ನಷ್ಟಪಟ್ಟು ಕಲಿಯಿತು. ಯಾರಿಂದ ದುಡಿಮೆಯನ್ನು ಬೇಡುತ್ತೇವೆಯೋ ಅವರಿಗೆ ಮೇಲೇರುವ ದಾರಿಯನ್ನೂ ತೆರೆದಿಡಬೇಕೆಂಬ ನಾಲ್ಕನೆಯ ಪಾಠವನ್ನು ಅದು ಕಲಿಯಲೇ ಇಲ್ಲ.