ಉಡೋ ಸೀರೆ, ಇಟ್ಟ ಸೀರೆ

"ಉಡೋದು ಎಣಿಸ್ಬೇಕಾ, ಇಟ್ಟಿರೋದು ಎಣಿಸ್ಬೇಕಾ, ಮೇಷ್ಟ್ರೇ?"

ಕೂಡ್ಲಿಗಿ ಸೀಮೆಯ ಒಂದು ಊರಿನಲ್ಲಿ, ಬೇವಿನ ಮರದ ಕೆಳಗೆ ನಿಂತು ಆ ಹೆಣ್ಣುಮಗಳು ಹೀಗೆ ಕೇಳಿದಾಗ ನನ್ನ ಬಾಯಿ ಕಟ್ಟಿತು. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳನ್ನು ಗುರುತಿಸುವ 2002ರ ಸಮೀಕ್ಷೆ ಅದು. ನಾನು ಆ ಊರಿನ ಪ್ರಾಥಮಿಕ ಶಾಲೆಯ ಮೇಷ್ಟ್ರು. ಜನ, ದನ, ಮತ ಯಾವುದನ್ನು ಎಣಿಸಬೇಕಾದರೂ ಸರ್ಕಾರಕ್ಕೆ ಮೊದಲು ನೆನಪಾಗುವವರು ನಾವೇ ತಾನೆ. ಫಾರಮ್ಮಿನಲ್ಲಿ 13 ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ 4ರವರೆಗೆ ಅಂಕ, ಒಟ್ಟು 52. ಶಾಲೆಯ ಲೆಕ್ಕಕ್ಕೆ ಇದು ಪೂರಾ ತಿರುಗುಮುರುಗು. ಕಡಿಮೆ ಅಂಕ ತೆಗೆದವನೇ ಪಾಸು.

ಬಟ್ಟೆಯ ಪ್ರಶ್ನೆ ಹೀಗಿತ್ತು: ಎರಡು ಬಟ್ಟೆಗಿಂತ ಕಡಿಮೆ ಇದ್ದರೆ ಸೊನ್ನೆ, ಹತ್ತು ಅಥವಾ ಹೆಚ್ಚಿದ್ದರೆ 4. ಆಕೆಗೆ ಉಡಲು ಎರಡು ಸೀರೆ. ಟ್ರಂಕಿನಲ್ಲಿ ಇನ್ನೆರಡು, ಒಂದು ಧಾರೆಯದು, ಇನ್ನೊಂದು ತವರಿನವರು ಬಾಣಂತನಕ್ಕೆ ಕೊಟ್ಟದ್ದು. ಎರಡು ಎಂದು ಬರೆದರೆ 1 ಅಂಕ, ನಾಲ್ಕು ಎಂದು ಬರೆದರೆ 2. ಮುಂದಿನದು ಊಟದ ಪ್ರಶ್ನೆ. ವರ್ಷದ ಬಹುಪಾಲು ದಿನ ಒಂದು ಹೊತ್ತಿನ ಊಟಕ್ಕೂ ಕೊರತೆಯೇ? ಅತ್ತೆ ಹಿಂದಿನಿಂದ ಕಣ್ಣುಸನ್ನೆ ಮಾಡುತ್ತಿದ್ದಳು, ಹೌದೆನ್ನು ಎಂದು. ಸುತ್ತ ನಾಲ್ಕು ಮನೆಯವರು ನಿಂತಿದ್ದರು. ಸೊಸೆ ದನಿ ಏರಿಸಿ, "ಎರಡು ಹೊತ್ತೂ ಉಣ್ತೀವಿ ಸಾರ್, ಅದಕ್ಕೇನು ಕಮ್ಮಿ ಇಲ್ಲ" ಎಂದುಬಿಟ್ಟಳು. ಬೆಳಗ್ಗೆ ಅವರ ಮಗ ಏನೂ ತಿನ್ನದೆ ಶಾಲೆಗೆ ಬರುತ್ತಿದ್ದುದು ನನಗೆ ಗೊತ್ತಿತ್ತು.

ಆ ಅಂಕಪಟ್ಟಿ ಮನೆ, ಸಾಲ, ಸಬ್ಸಿಡಿಗಳ ಯೋಜನೆಗಳಿಗೆ. ಪಡಿತರ ಚೀಟಿಗೆ ಬೇರೆಯೇ ಲೆಕ್ಕವೆಂದು ನನಗೆ ತಿಳಿದದ್ದು ಆಮೇಲೆ. ಊರಿನವರಿಗಂತೂ ಈ ಭೇದವೇ ಇರಲಿಲ್ಲ. ಫಾರಂ ಹಿಡಿದು ಬಂದವನೆಂದರೆ ಕಾರ್ಡು ಕೊಡುವವನು, ಇಲ್ಲವೇ ಕಿತ್ತುಕೊಳ್ಳುವವನು. ಆ ಪಟ್ಟಿಯೂ ಸುಪ್ರೀಂ ಕೋರ್ಟಿನ ವ್ಯಾಜ್ಯಕ್ಕೆ ಸಿಕ್ಕಿ ವರ್ಷಗಟ್ಟಲೆ ನಿಂತುಹೋಯಿತು.

ಅದಕ್ಕೂ ಹಿಂದಿನದು 1997ರ ಸಮೀಕ್ಷೆ. ಪಡಿತರವನ್ನು ಬಡವರು, ಬಡವರಲ್ಲದವರು ಎಂದು ದೇಶದಾದ್ಯಂತ ಎರಡಾಗಿ ಸೀಳಿದ್ದೂ ಅದೇ ವರ್ಷ. ಅಲ್ಲಿಯವರೆಗೆ ಕಾರ್ಡಿದ್ದವರೆಲ್ಲ ಸೊಸೈಟಿ ಮುಂದೆ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ನಾನೂ ಸಕ್ಕರೆ, ಪಾಮೋಲಿನ್ ಎಣ್ಣೆಗೆ ಚೀಲ ಹಿಡಿದು ನಿಂತವನೇ. ಮೇಷ್ಟ್ರು ಸಾಲಿನಲ್ಲಿದ್ದಾರೆಂದರೆ ಅಂಗಡಿಯವನು ತೂಕದಲ್ಲಿ ಕೊಂಚ ಹುಷಾರಾಗಿರುತ್ತಿದ್ದ. ನಮ್ಮಂಥವರು ಸಾಲು ಬಿಟ್ಟ ಮೇಲೆ ತಕ್ಕಡಿ ಎತ್ತ ವಾಲಿತೆಂದು ನೋಡುವವರು ಯಾರೂ ಉಳಿಯಲಿಲ್ಲ. ಇರಲಿ. 1997ರ ಸಮೀಕ್ಷೆಯಲ್ಲಿ ಅಂಕ ಗಿಂಕ ಇರಲಿಲ್ಲ, ಸೀದಾ ಜರಡಿ. ವರ್ಷಕ್ಕೆ 20,000 ರೂಪಾಯಿಗಿಂತ ಹೆಚ್ಚು ವರಮಾನವಿದ್ದರೆ ಹೊರಗೆ, ಪಕ್ಕಾ ಮನೆಯಿದ್ದರೆ ಹೊರಗೆ. ಟಿವಿ, ಫ್ರಿಜ್ಜು, ಸ್ಕೂಟರು ಇದ್ದರೂ ಹೊರಗೆ. ಆ ಸಾಲಿನಲ್ಲಿ ಸೀಲಿಂಗ್ ಫ್ಯಾನೂ ಇತ್ತು! ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂದು ನಗುವ ಜನ ನಾವು. ಈ ಪಟ್ಟಿ ತಯಾರಿಸಿದ ಪುಣ್ಯಾತ್ಮರನ್ನು ಒಂದು ಏಪ್ರಿಲ್ ಮಧ್ಯಾಹ್ನ ನಮ್ಮ ಶಾಲೆಯ ತಗಡಿನ ಕೆಳಗೆ ಕೂರಿಸಬೇಕಿತ್ತು.

ನಮ್ಮ ಸೀಮೆಯಲ್ಲಿ ಈ ತೂಗಾಟ ನಿನ್ನೆ ಮೊನ್ನೆಯದಲ್ಲ. ನಮ್ಮಜ್ಜಿ ಗಬಗಬ ತಿನ್ನುವ ಮಕ್ಕಳಿಗೆ "ಧಾತು ಬರದಾಗ ಹುಟ್ಟಿದ್ದೇನೋ" ಎಂದು ಗದರುತ್ತಿದ್ದಳು. ಧಾತು, ಈಶ್ವರ ಸಂವತ್ಸರಗಳ ಬರವೆಂದರೆ 1876–78ರದು. ಆಗ ಬಳ್ಳಾರಿ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಜನ ಬರಗಾಲದ ಕಾಮಗಾರಿಗಳಲ್ಲಿ ಮಣ್ಣು ಹೊತ್ತು, ಜಲ್ಲಿ ಕುಟ್ಟಿ ಕೂಲಿ ಪಡೆಯುತ್ತಿದ್ದರು. 1877ರ ಜನವರಿ 1ರಂದು ದಿಲ್ಲಿ ದರ್ಬಾರಿನಲ್ಲಿ ವಿಕ್ಟೋರಿಯಾ ಭಾರತದ ಚಕ್ರವರ್ತಿನಿಯೆಂದು ಸಾರಿದ ವೈಸರಾಯ್ ಲಿಟ್ಟನ್, ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ದಕ್ಷಿಣಕ್ಕೆ ಅಟ್ಟಿದ, ಖರ್ಚು ತಗ್ಗಿಸು ಎಂದು. ಈ ಟೆಂಪಲ್ ಮೂರು ವರ್ಷದ ಹಿಂದೆ ಬಿಹಾರದ ಬರದಲ್ಲಿ ಬರ್ಮಾದಿಂದ ಧಾರಾಳವಾಗಿ ಅಕ್ಕಿ ತರಿಸಿ ಜನರನ್ನು ಉಳಿಸಿದ್ದವನು. ಅದಕ್ಕೆ ಅವನಿಗೆ ದಕ್ಕಿದ್ದು ದುಂದುಗಾರ ಎಂಬ ಬೈಗುಳ. ಈ ಸಲ ಆ ಕಳಂಕ ತೊಳೆದುಕೊಳ್ಳಬೇಕಿತ್ತು. ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಒಂದು ಆಣೆ ಸಾಕೆಂದು ಗೊತ್ತುಮಾಡಿದ. ಒಂದು ಪೌಂಡೆಂದರೆ ಇಂದಿನ ಅರ್ಧ ಕಿಲೋಕ್ಕಿಂತ ಕಡಿಮೆ. ಅಷ್ಟು ತಿಂದು ದಿನವಿಡೀ ಗುದ್ದಲಿ ಹಿಡಿಯಬೇಕು.

ಚರ್ಚೆ ಆಗಲೂ ಜೋರಾಗಿಯೇ ನಡೆಯಿತು. ಮದರಾಸಿನ ಆರೋಗ್ಯ ಕಮಿಷನರ್ ಡಾ. ಕಾರ್ನಿಷ್, ದುಡಿಯುವ ಮೈ ಇದರಿಂದ ಉಳಿಯದು ಎಂದು ಲಿಖಿತವಾಗಿ ಜಗಳಕ್ಕೆ ನಿಂತರು. 'ಮದ್ರಾಸ್ ಟೈಮ್ಸ್' ಸಂಪಾದಕ ವಿಲಿಯಂ ಡಿಗ್ಬಿ ಬೆನ್ನು ಬಿಡಲಿಲ್ಲ. ಆಮೇಲೆ ಈ ಬರದ ಮೇಲೆ ದಪ್ಪ ಪುಸ್ತಕವನ್ನೇ ಬರೆದರು. ಅತ್ತ ಬೊಂಬಾಯಿ ಪ್ರಾಂತ್ಯದಲ್ಲಿ ಕೂಲಿಗಳೇ ಕೆಲಸ ಬಿಟ್ಟು ಎದ್ದುಹೋದರು. ಕೆಲವು ತಿಂಗಳ ಮೇಲೆ ಮದರಾಸು ಸರ್ಕಾರ ಕೂಲಿಯನ್ನು ಏರಿಸಿತು, ಹೋದ ಜೀವ ಹೋಗಿತ್ತು. ಪಕ್ಕದ ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ರಲ್ಲಿ 42 ಲಕ್ಷಕ್ಕಿಂತ ಕೆಳಗೆ ಇಳಿದಿದ್ದರು. ನನ್ನ ಕಣ್ಣಿಗೆ ಕಟ್ಟುವುದು ಒಂದು ಚಿತ್ರ. ಗುದ್ದಲಿ ಹಿಡಿಯದ ಇಬ್ಬರು, ಒಬ್ಬ ಟೆಂಪಲ್, ಒಬ್ಬ ಕಾರ್ನಿಷ್, ಒಂದು ಪೌಂಡೋ ಒಂದೂವರೆಯೋ ಎಂದು ಕಾಗದದ ಮೇಲೆ ಹೊಡೆದಾಡುತ್ತಿರುವುದು. ಒಬ್ಬರು ಸರಿ, ಒಬ್ಬರು ತಪ್ಪು, ಒಪ್ಪಿದೆ. ಆದರೆ ಎಷ್ಟಕ್ಕೆ ಹೊಟ್ಟೆ ತುಂಬುತ್ತದೆಂದು ಮಣ್ಣು ಹೊರುವವಳನ್ನು ಕೇಳಿದ ಕಾಗದ ನನಗೆ ಸಿಕ್ಕಿಲ್ಲ.

ಮತ್ತೆ ನಮ್ಮ ಕಾಲಕ್ಕೆ ಬರುತ್ತೇನೆ. 2013ರ ಜುಲೈಯಲ್ಲಿ ಅನ್ನಭಾಗ್ಯ ಶುರುವಾಯಿತು. ಒಬ್ಬರಿದ್ದ ಮನೆಗೆ 10 ಕಿಲೋ, ಇಬ್ಬರಿಗೆ 20, ಮೂವರು ಮತ್ತು ಮೇಲ್ಪಟ್ಟವರಿಗೆ 30, ಕಿಲೋಗೆ 1 ರೂಪಾಯಿ. ಚಹಾದಂಗಡಿಯ ಬೆಂಚಿನಿಂದ ಹಿಡಿದು ಸಭೆ ಸಮಾರಂಭಗಳವರೆಗೆ ಒಂದೇ ಮಾತು, ಜನ ಸೋಮಾರಿಗಳಾದರು. ಹೆಸರಾಂತ ಸಾಹಿತಿಗಳೂ ದನಿಗೂಡಿಸಿದರು. ನಮ್ಮೂರಿನಲ್ಲಿ ಈ ಮಾತನ್ನು ಹೆಚ್ಚು ಆಡಿದವರು ಹತ್ತಿಪ್ಪತ್ತು ಎಕರೆಯ ಹೊಲದವರು. "ಕಳೆ ತೆಗೆಯೋಕೆ ಆಳು ಸಿಗಲ್ಲ ಮೇಷ್ಟ್ರೇ, ಅಕ್ಕಿ ಬಂದು ಕೆಡಿಸ್ತು." ಅದರಲ್ಲಿ ಒಂದು ನಿಜ ಇತ್ತು. ಅವರು ಕೊಡುತ್ತಿದ್ದ ಕೂಲಿಗೆ ಆಳು ಸಿಗುತ್ತಿರಲಿಲ್ಲ. ಮನೆಯಲ್ಲಿ ಹಿಟ್ಟಿಲ್ಲದವಳು ಹೇಳಿದಷ್ಟಕ್ಕೆ ಬರುತ್ತಾಳೆ. ತಿಂಗಳ ಅಕ್ಕಿ ಇದ್ದವಳು ಒಂದು ದಿನ ಕಾದು, ಹೆಚ್ಚು ಕೊಟ್ಟಲ್ಲಿಗೆ ಹೋಗುತ್ತಾಳೆ. ಇದನ್ನು ಸೋಮಾರಿತನ ಎನ್ನುವುದಾದರೆ, ಸಂಬಳ ಸಾಲದೆಂದು ಮುಷ್ಕರ ಹೂಡಿದ ನಾವು ಮೇಷ್ಟ್ರುಗಳು ಇನ್ನೂ ದೊಡ್ಡ ಸೋಮಾರಿಗಳು.

ಅಕ್ಕಿ ಆಮೇಲೆ ತಲೆಗೆ ಇಷ್ಟು ಎಂದಾಯಿತು, 5 ಕಿಲೋ, 7 ಕಿಲೋ. 2018ರ ಜುಲೈ ಬಜೆಟ್ಟಿನಲ್ಲಿ 7ನ್ನು 5ಕ್ಕೆ ಇಳಿಸಿ, ಗದ್ದಲವೆದ್ದ ಮೇಲೆ ಮತ್ತೆ 7 ಮಾಡಿದರು. 2021ರ ಏಪ್ರಿಲ್‌ನಲ್ಲಿ ಅಕ್ಕಿ 2 ಕಿಲೋಗೆ ಇಳಿಯಿತು, ಜತೆಗೆ 3 ಕಿಲೋ ರಾಗಿ ಅಥವಾ ಜೋಳ. ಇದರಲ್ಲಿ ಬದುಕುವುದು ಹೇಗೆಂದು ಫೋನಿನಲ್ಲಿ ಕೇಳಿದ ರೈತನಿಗೆ ಆಗಿನ ಆಹಾರ ಸಚಿವ ಉಮೇಶ ಕತ್ತಿ ಸಾಯುವುದೇ ಒಳ್ಳೆಯದೆಂದು ಹೇಳಿ, ನಾಡೆಲ್ಲ ಉಗಿಸಿಕೊಂಡು, ಕ್ಷಮೆ ಕೇಳಿದರು.

ನನಗೆ ಆ ಫೋನಿಗಿಂತ ಹೆಚ್ಚು ನೆನಪಿರುವುದು ಅದಕ್ಕೆ ಎರಡು ತಿಂಗಳ ಹಿಂದಿನ ಮಾತು. ಟಿವಿ, ಫ್ರಿಜ್ಜು, ಬೈಕು, 5 ಎಕರೆಗಿಂತ ಹೆಚ್ಚು ಜಮೀನು ಇದ್ದವರು ಮಾರ್ಚ್ 31ರೊಳಗೆ ಬಿಪಿಎಲ್ ಕಾರ್ಡು ಹಿಂದಿರುಗಿಸಬೇಕು ಎಂದು ಅದೇ ಸಚಿವರು ಹೇಳಿದ್ದರು. 1997ರ ಪಟ್ಟಿ ಅಟ್ಟದಿಂದ ಇಳಿದು ಬಂದ ಹಾಗಿತ್ತು. ಫ್ಯಾನು ಮಾತ್ರ ಉದುರಿಹೋಗಿತ್ತು, ಸದ್ಯ. ಪಕ್ಕದ ತಮಿಳುನಾಡಿನಲ್ಲಿ ಸರ್ಕಾರವೇ ಮನೆಮನೆಗೆ ಟಿವಿ ಹಂಚಿ ಆಗಲೇ ಹದಿನೈದು ವರ್ಷವಾಗುತ್ತ ಬಂದಿತ್ತು.

ಆ ವಾರ ಒಂದು ಸಂಜೆ ಬಳ್ಳಾರಿಯ ನನ್ನ ಮನೆಗೆ ಹಳೆಯ ಶಿಷ್ಯನೊಬ್ಬ ಬಂದ. ನಾಲ್ಕು ಸೀರೆಯ ಆ ತಾಯಿಯ ಮಗ. ಕೌಲ್ ಬಜಾರಿನ ಕಡೆ ಜೀನ್ಸ್ ಹೊಲಿಯುತ್ತಾನೆ. ಬಳ್ಳಾರಿಯಲ್ಲಿ ಸಾವಿರಾರು ಮನೆಗಳ ಒಲೆ ಉರಿಯುವುದು ಜೀನ್ಸಿನಿಂದಲೇ. ಕತ್ತರಿಸಿದ ಬಟ್ಟೆಯ ಗಂಟನ್ನು ಮಾಲೀಕನಿಂದ ತಂದು, ಹೊಲಿದು, ಮತ್ತೆ ಹೊತ್ತು ಹಾಕಬೇಕು. ಅದಕ್ಕೆ ಕಂತಿನ ಮೇಲೊಂದು ಹಳೇ ಬೈಕು ಕೊಂಡಿದ್ದ. ಕೆಲಸ ಇದ್ದ ದಿನ 400 ರೂಪಾಯಿ ಬಿದ್ದರೆ ಪುಣ್ಯ. ಚೀಟಿಗೆ ವರಮಾನದ ಮಿತಿ ವರ್ಷಕ್ಕೆ 1.20 ಲಕ್ಷ. ನಾನು ಅಭ್ಯಾಸಬಲದಿಂದ ಪೇಪರಿನ ಅಂಚಿನಲ್ಲಿ ಗುಣಿಸಿ ನೋಡಿದೆ. ತಿಂಗಳಿಗೆ 26 ದಿನ, ಹನ್ನೆರಡು ತಿಂಗಳು, ಒಂದು ದಿನವೂ ತಪ್ಪದಿದ್ದರೆ 1,24,800. 4,800 ರೂಪಾಯಿಗೆ ಅವನು ಬಡವನಲ್ಲ! ಅವನಿಗೆ ಸಂಬಳದ ಚೀಟಿಯೇ ಇಲ್ಲವಾದ್ದರಿಂದ ಬಚಾವು. ಫ್ಯಾಕ್ಟರಿಯಲ್ಲಿ ಪಿಎಫ್ ಕಡಿತವಾಗುವ ಅವನ ನಾದಿನಿಗೆ ಆ ಬಚಾವೂ ಇಲ್ಲ. ಅವಳ ವರಮಾನ ಪೈಸೆ ಪೈಸೆ ಕಾಗದದ ಮೇಲಿದೆ.

"ಮೇಷ್ಟ್ರೇ, ಗಾಡಿ ಇಲ್ಲಿ ನಿಲ್ಲಿಸ್ಲಾ?" ಎಂದ. ಸರ್ವೆಯವರು ಬಂದಾರೆಂದು ಅವನ ತಾಯಿ ಬೈಕನ್ನು ಮನೆ ಮುಂದೆ ನಿಲ್ಲಗೊಡುತ್ತಿರಲಿಲ್ಲ. ನನ್ನ ಪಿಂಚಣಿಯ ಮನೆಯ ಮುಂದೆ ಎಷ್ಟು ಬೈಕು ನಿಂತರೂ ಯಾರೂ ಕೇಳುವುದಿಲ್ಲ.

ನಿಲ್ಲಿಸಿ ಹೋದ. ಗಂಟುಗಳನ್ನು ಆಟೋದಲ್ಲಿ ಸಾಗಿಸಿದ, ಆಟೋದವನಿಗೆ ಕೊಟ್ಟು ಕೈಗೆ ಉಳಿದದ್ದು ಅಷ್ಟಕ್ಕಷ್ಟೆ. ಇತ್ತ ಸಚಿವರ ಮಾತಿಗೆ ಎಲ್ಲ ಕಡೆ ಬೆಂಕಿ ಬಿದ್ದು, ಅವರು ಹಿಂದೆ ಸರಿದರು. ಆ ಸುದ್ದಿ ಪೇಪರಿನಲ್ಲಿ ಬಂದರೂ ತಾಯಿ ನಂಬಲಿಲ್ಲ, ಏಪ್ರಿಲ್ ದಾಟಲಿ ಎಂದಳು. ಏಪ್ರಿಲ್ ದಾಟುವ ಹೊತ್ತಿಗೆ ಕೋವಿಡ್ ಲಾಕ್‌ಡೌನು. ಅವನು ಬೈಕಿಗೆಂದು ಬಂದದ್ದು ಜೂನಿನಲ್ಲಿ. ಸೀಟಿನ ಮೇಲೆ ಬೇವಿನ ಹಣ್ಣು ಬಿದ್ದು ಅಂಟು ಹಿಡಿದಿತ್ತು, ಬ್ಯಾಟರಿ ಸತ್ತಿತ್ತು. ಇಬ್ಬರೂ ಸೇರಿ ಇಳಿಜಾರಿನವರೆಗೆ ತಳ್ಳಿದೆವು.